ತೊಡೆಯ ಲೆಕ್ಕ, ತಲೆಯ ಲೆಕ್ಕ: ಅರ್ಲ್ ಕ್ಯಾಂಬೆಲ್ ಎಂಬ ಆಟಗಾರನ ಮೈಚರಿತ್ರೆ

1

ದಲಿತ ವಿಮರ್ಶೆ ಅಂದಕೂಡಲೆ ನಮ್ಮ ಕಣ್ಣು ಪುಸ್ತಕದ ಕಡೆಗೇ ಹೋಗುತ್ತದೆ. ಕಾವ್ಯದಲ್ಲಿ ನಾವೆಲ್ಲಿದ್ದೇವೆ, ಕಾದಂಬರಿಯಲ್ಲಿ ನಮ್ಮ ಕೇರಿ ಹೇಗೆ ಬಂದಿದೆ, ವಚನಕಾರರಲ್ಲಿ ನಮ್ಮವರು ಯಾರು ಎಂದು ಹುಡುಕುತ್ತೇವೆ. ಈ ಹುಡುಕಾಟ ಆಗಲೇಬೇಕಾದದ್ದು. ಆದರೆ ಅಕ್ಷರ ನಮ್ಮ ಕೈಗೆ ಬಂದದ್ದು ನಿನ್ನೆ ಮೊನ್ನೆ. ಅದಕ್ಕೆ ಮುಂಚಿನ ಸಾವಿರಾರು ವರ್ಷ ನಮ್ಮ ಚರಿತ್ರೆ ಬರೆದುಕೊಂಡದ್ದು ಮೈಯ ಮೇಲೆ. ಬೆನ್ನಿನ ಗೂನು, ಅಂಗೈಯ ಜಡ್ಡು, ಸವೆದ ಮಂಡಿ, ಇವು ನಮ್ಮ ಶಾಸನಗಳು. ಇವನ್ನು ಓದುವ ವಿದ್ಯೆ ವಿಮರ್ಶೆಗೆ ಇರಬೇಕೋ ಬೇಡವೋ? ಇರಬೇಕು ಅನ್ನುವುದು ನನ್ನ ವಾದ. ಆ ಕಾರಣಕ್ಕೇ ಈ ವಿಶೇಷಾಂಕಕ್ಕೆ ಕವಿಯೊಬ್ಬನನ್ನು ಬಿಟ್ಟು ಒಬ್ಬ ಆಟಗಾರನನ್ನು ಓದಲು ಹೊರಟಿದ್ದೇನೆ. ಅವನು ಅಮೆರಿಕದ ಟೆಕ್ಸಾಸ್ ರಾಜ್ಯದ ಕಪ್ಪು ಮನುಷ್ಯ, ಹೆಸರು ಅರ್ಲ್ ಕ್ಯಾಂಬೆಲ್.

ಅಮೆರಿಕದ ಮನುಷ್ಯ ಯಾಕೆ ಅಂತ ಕೇಳಬಹುದು. ನಮ್ಮ ಚಳುವಳಿಗೂ ಅಲ್ಲಿನ ಕಪ್ಪು ಜನರ ಹೋರಾಟಕ್ಕೂ ಇರುವ ನಂಟು ಹೊಸದಲ್ಲ. ಬಾಬಾಸಾಹೇಬರು 1913ರಲ್ಲಿ ನ್ಯೂಯಾರ್ಕಿನ ಕೊಲಂಬಿಯ ವಿಶ್ವವಿದ್ಯಾಲಯಕ್ಕೆ ಓದಲು ಹೋದವರು. 1946ರಲ್ಲಿ ಅವರು ಕಪ್ಪು ಜನರ ಚಿಂತಕ ಡು ಬಾಯ್ಸ್ ಅವರಿಗೆ ಕಾಗದ ಬರೆದು, ವಿಶ್ವಸಂಸ್ಥೆಯ ಮುಂದೆ ಕಪ್ಪು ಜನ ಇಡುತ್ತಿದ್ದ ಮನವಿಯ ಬಗ್ಗೆ ವಿಚಾರಿಸಿದರು. 1972ರಲ್ಲಿ ಮುಂಬಯಿಯ ನಮ್ಮ ಹುಡುಗರು ತಮ್ಮ ಸಂಘಟನೆಗೆ ಪ್ಯಾಂಥರ್ ಅನ್ನೋ ಹೆಸರಿಟ್ಟದ್ದು ಓಕ್‌ಲೆಂಡಿನ ಬ್ಲ್ಯಾಕ್ ಪ್ಯಾಂಥರರನ್ನು ನೋಡಿಯೇ. ನಾವು ಅವರ ಕವಿತೆ ಓದಿದ್ದೇವೆ, ಭಾಷಣ ಓದಿದ್ದೇವೆ. ಅವರ ಮಂಡಿಗಳನ್ನು, ಬೆನ್ನುಮೂಳೆಗಳನ್ನು ಮಾತ್ರ ಓದಿಲ್ಲ.

ಇನ್ನೊಂದು ಕಾರಣವೂ ಇದೆ. ಕ್ರೀಡಾಪುಟಗಳು ಇಂಥ ಆಟಗಾರರ ಬಗ್ಗೆ ಬರೆಯುವಾಗ ಒಂದು ಪದವನ್ನು ಧಾರಾಳವಾಗಿ ಬಳಸುತ್ತವೆ: ತ್ಯಾಗ. ಆಟಕ್ಕಾಗಿ ದೇಹವನ್ನೇ ತ್ಯಾಗ ಮಾಡಿದ, ತಂಡಕ್ಕಾಗಿ ಮೊಣಕಾಲು ಕಳೆದುಕೊಂಡ, ಅಂತೆಲ್ಲ. ಈ ಪದವನ್ನು ಅಷ್ಟು ಸಲೀಸಾಗಿ ಒಪ್ಪಿಕೊಳ್ಳುವುದು ನನಗೆ ಕಷ್ಟ. ಕನ್ನಡದಲ್ಲಿ ತ್ಯಾಗ ಅನ್ನೋ ಮಾತೂ ಇದೆ, ಬಲಿ ಅನ್ನೋ ಮಾತೂ ಇದೆ. ಇದ್ದವನು ತಾನಾಗಿ ಬಿಟ್ಟುಕೊಟ್ಟರೆ ತ್ಯಾಗ. ಇನ್ನೊಬ್ಬರು ಕೊಟ್ಟರೆ ಅದು ಬಲಿ. ಮಾರಿಹಬ್ಬದ ಕೋಣಕ್ಕೆ ಅರಿಸಿನ ಬಳಿದು, ಹೂವಿನ ಸರ ಹಾಕಿ, ಊರ ತುಂಬ ಮೆರೆಸುತ್ತಾರೆ. ಹಾಗಂತ ಕೋಣ ತ್ಯಾಗ ಮಾಡಿತು ಅಂತ ಯಾರೂ ಹೇಳುವುದಿಲ್ಲ. ಕ್ಯಾಂಬೆಲ್‌ನ ಬದುಕಿನಲ್ಲಿ ತ್ಯಾಗ ಎಷ್ಟು, ಬಲಿ ಎಷ್ಟು ಅನ್ನೋದೇ ಈ ಲೇಖನದ ಪ್ರಶ್ನೆ.

2

ಮೊದಲು ಆಟದ ಬಗ್ಗೆ ಎರಡು ಮಾತು. ಅಮೆರಿಕದವರು ಫುಟ್‌ಬಾಲ್ ಅನ್ನುವುದು ನಾವು ಆಡುವ ಫುಟ್‌ಬಾಲ್ ಅಲ್ಲ. ಅದರಲ್ಲಿ ಕಾಲಿನ ಕೆಲಸ ಕಡಿಮೆ, ಮೈಯ ಕೆಲಸ ಹೆಚ್ಚು. ಎರಡೂ ಕಡೆ ಹನ್ನೊಂದು ಜನ. ಮೈದಾನ 100 ಗಜ. ನಾಲ್ಕು ಅವಕಾಶದಲ್ಲಿ ಹತ್ತು ಗಜ ಮುಂದೆ ಹೋದರೆ ಇನ್ನೂ ನಾಲ್ಕು ಅವಕಾಶ, ಇಲ್ಲದಿದ್ದರೆ ಚೆಂಡು ಎದುರಾಳಿಯ ಪಾಲು. ಒಂದು ರೀತಿಯಲ್ಲಿ ಇದು ಜಮೀನು ಹಿಡಿಯುವ ಆಟ. ಚೆಂಡನ್ನು ಎಸೆದೂ ಮುಂದೆ ಹೋಗಬಹುದು, ಕಂಕುಳಲ್ಲಿ ಅವುಚಿಕೊಂಡು ಓಡಿಯೂ ಹೋಗಬಹುದು. ಎಸೆಯುವವನು ಕ್ವಾರ್ಟರ್‌ಬ್ಯಾಕ್, ಹೊತ್ತು ಓಡುವವನು ರನ್ನಿಂಗ್ ಬ್ಯಾಕ್. ಓಡುವವನನ್ನು ಎದುರಿನವರು ಮೈಯಿಂದ ಗುದ್ದಿ ಕೆಡವಬೇಕು. ಪ್ರತಿ ಓಟ ಮುಗಿಯುವುದೂ ಬಹುಮಟ್ಟಿಗೆ ಒಂದು ಗುದ್ದಿನಲ್ಲಿ. ಲೆಕ್ಕದ ಪುಸ್ತಕದಲ್ಲಿ ಇಂಥ ಒಂದೊಂದು ಓಟಕ್ಕೂ ‘ಕ್ಯಾರಿ’ ಅನ್ನುತ್ತಾರೆ, ಅಂದ್ರೆ ಹೊತ್ತದ್ದು. ಹೊರೆ ಎಂಬ ನಮ್ಮ ಮಾತು ಇದಕ್ಕೆ ಹತ್ತಿರವಾಗುತ್ತದೆ. ಕ್ಯಾಂಬೆಲ್ ಹೊರೆ ಹೊರುವ ಕೆಲಸದವನು.

ಅವನು ಹುಟ್ಟಿದ್ದು 1955ರಲ್ಲಿ, ಪೂರ್ವ ಟೆಕ್ಸಾಸಿನ ಟೈಲರ್ ಎಂಬ ಊರಿನಲ್ಲಿ. ಆ ಊರಿನ ಹೆಸರು ಗುಲಾಬಿಗೆ ಪ್ರಸಿದ್ಧಿ. 1933ರಿಂದ ಅಲ್ಲಿ ಗುಲಾಬಿ ಉತ್ಸವ ನಡೆಯುತ್ತದೆ, ಪ್ರತಿವರ್ಷ ಒಬ್ಬ ಗುಲಾಬಿ ರಾಣಿಗೆ ಪಟ್ಟ ಕಟ್ಟುತ್ತಾರೆ. ಈ ಪಟ್ಟ ಊರಿನ ಸಿರಿವಂತ ಬಿಳಿಯ ಮನೆತನಗಳಲ್ಲೇ ಸುತ್ತುತ್ತಿದ್ದ ಪಟ್ಟ. ಗುಲಾಬಿ ಹೊಲದಲ್ಲಿ ಬೆನ್ನು ಬಗ್ಗಿಸುತ್ತಿದ್ದವರಲ್ಲಿ ಕ್ಯಾಂಬೆಲ್‌ನ ಮನೆಯವರಿದ್ದರು. ಹನ್ನೊಂದು ಮಕ್ಕಳ ಸಂಸಾರ. ಅರ್ಲ್‌ಗೆ ಹನ್ನೊಂದು ವರ್ಷವಿದ್ದಾಗ, 1966ರಲ್ಲಿ, ತಂದೆ ತೀರಿಕೊಂಡ. ತಾಯಿ ಆ್ಯನ್ ಊರಿನ ಉಳ್ಳವರ ಮನೆಗಳಲ್ಲಿ ನೆಲ ಒರೆಸಿ, ಪಾತ್ರೆ ತೊಳೆದು, ಮಕ್ಕಳ ಕೂಡ ಗುಲಾಬಿ ಹೊಲ ನೋಡಿಕೊಂಡು ಅಷ್ಟೂ ಮಕ್ಕಳನ್ನು ಸಾಕಿದಳು. ಮುಂದೆ ಪತ್ರಿಕೆಗಳು ಅರ್ಲ್‌ಗೆ ಇಟ್ಟ ಅಡ್ಡಹೆಸರು ‘ಟೈಲರ್ ಗುಲಾಬಿ’. ಹೂವಿನ ಹೆಸರು ಎಷ್ಟು ಚಂದ! ಅದರ ಮುಳ್ಳು ಚುಚ್ಚಿಸಿಕೊಂಡ ಬೆರಳುಗಳ ಸುದ್ದಿ ಆ ಹೆಸರಿನಲ್ಲಿಲ್ಲ.

ಟೆಕ್ಸಾಸಿನಲ್ಲಿ ಗುಲಾಮಗಿರಿ ಮುಗಿಯಿತೆಂದು ಸಾರಿದ್ದು 1865ರ ಜೂನ್ 19ರಂದು. ಅದಾಗಿ ನೂರು ವರ್ಷ ಕಳೆದರೂ ಟೈಲರಿನಲ್ಲಿ ಕಪ್ಪು ಮಕ್ಕಳ ಶಾಲೆ ಬೇರೆ, ಬಿಳಿಯರದು ಬೇರೆ. 1970ರಲ್ಲಿ ಟೈಲರಿನಲ್ಲೇ ಕೂರುತ್ತಿದ್ದ ಫೆಡರಲ್ ನ್ಯಾಯಾಧೀಶ ವಿಲಿಯಂ ವೇಯ್ನ್ ಜಸ್ಟಿಸ್ ಈ ಭೇದ ತೆಗೆಯಲು ರಾಜ್ಯಕ್ಕೆ ಆದೇಶ ಕೊಟ್ಟ. ಶಾಲೆಗಳನ್ನು ಕೂಡಿಸಿದರು. ಕೂಡಿಸುವುದು ಅಂದರೇನು? ಮುಚ್ಚಿದ್ದು ಕಪ್ಪು ಜನರ ಎಮೆಟ್ ಸ್ಕಾಟ್ ಶಾಲೆಯನ್ನು. ಉಳಿದದ್ದು ಬಿಳಿಯರ ಎರಡು ಶಾಲೆ. ಒಂದಕ್ಕೆ ಗುಲಾಮರ ಒಡೆಯನಾಗಿದ್ದ ಅಧ್ಯಕ್ಷ ಜಾನ್ ಟೈಲರನ ಹೆಸರು, ಇನ್ನೊಂದಕ್ಕೆ ಗುಲಾಮಗಿರಿ ಉಳಿಸಲು ದಂಡು ಕಟ್ಟಿ ಕಾದಿದ ರಾಬರ್ಟ್ ಲೀಯ ಹೆಸರು. ಅರ್ಲ್ ಸೇರಿದ್ದು ಜಾನ್ ಟೈಲರನ ಹೆಸರಿನ ಶಾಲೆಗೆ. 1973ರಲ್ಲಿ ಆ ಶಾಲೆಗೆ ರಾಜ್ಯದ ಚಾಂಪಿಯನ್ ಪಟ್ಟ ತಂದುಕೊಟ್ಟ. ಊರು ಒಂದಾಯಿತು ಅಂತ ಎಲ್ಲರೂ ಬರೆದರು. ಒಂದಾಗಿದ್ದು ಶುಕ್ರವಾರ ರಾತ್ರಿಯ ಗ್ಯಾಲರಿಯಲ್ಲಿ. ತಾಯಿ ನೆಲ ಒರೆಸುವ ಮನೆ ಯಾರದಿತ್ತೋ ಅವರದೇ ಇತ್ತು. ಅಂದಹಾಗೆ ಆ ಎರಡೂ ಶಾಲೆಗಳ ಹೆಸರು ಬದಲಾದದ್ದು 2020ರಲ್ಲಿ.

ಆಸ್ಟಿನ್‌ನಲ್ಲಿರುವ ಟೆಕ್ಸಾಸ್ ವಿಶ್ವವಿದ್ಯಾಲಯದ ಕಥೆಯೂ ಇಂಥದ್ದೇ. ಕಾನೂನು ಓದಲು ಹೆಮನ್ ಸ್ವೆಟ್ ಎಂಬ ಕಪ್ಪು ಮನುಷ್ಯ ಸುಪ್ರೀಂ ಕೋರ್ಟಿನವರೆಗೆ ಹೋಗಿ 1950ರಲ್ಲಿ ಗೆಲ್ಲಬೇಕಾಯಿತು. ಕಪ್ಪು ಹುಡುಗರಿಗೆ ಪದವಿ ತರಗತಿಯ ಬಾಗಿಲು ತೆರೆದದ್ದು 1956ರಲ್ಲಿ. ಫುಟ್‌ಬಾಲ್ ತಂಡ ಮಾತ್ರ 1969ರಲ್ಲಿ ದೇಶಕ್ಕೆ ಮೊದಲಿಗನಾದಾಗಲೂ ಪೂರ್ತಿ ಬಿಳಿ. ಮರುವರ್ಷ ಜೂಲಿಯಸ್ ವಿಟಿಯರ್ ಎಂಬ ಒಬ್ಬ ಕಪ್ಪು ಹುಡುಗ ಅದರಲ್ಲಿ ಆಡಿದ. ನಾಲ್ಕು ವರ್ಷದ ಮೇಲೆ, 1974ರಲ್ಲಿ, ಅದೇ ತಂಡದ ಕೋಚ್ ಡ್ಯಾರೆಲ್ ರಾಯಲ್ ಕ್ಯಾಂಬೆಲ್‌ನ ಗುಡಿಸಲಿನಂಥ ಮನೆಗೆ ತಾನೇ ನಡೆದು ಬಂದಿದ್ದ. ಇಂಥ ಹುಡುಗರನ್ನು ಒಳಗಿಂದೊಳಗೆ ದುಡ್ಡು ಕೊಟ್ಟು ಕರೆದೊಯ್ಯುವ ರೂಢಿ ಆಗ ಇತ್ತು. ತಮ್ಮ ಜನ ಕೇಳುವವರಿಲ್ಲದ ಕಾಲದಲ್ಲಿ ಕೊಳ್ಳಲ್ಪಟ್ಟವರು, ಮಾರಲ್ಪಟ್ಟವರು, ತನ್ನನ್ನು ಮಾತ್ರ ಯಾರೂ ಕೊಳ್ಳಲಾರರು ಎಂಬರ್ಥದ ಮಾತನ್ನು ಆ ಹುಡುಗ ಅಂದಿದ್ದನೆಂಬುದು ಪ್ರಸಿದ್ಧವಾಗಿದೆ. ಹತ್ತೊಂಬತ್ತರ ಪ್ರಾಯದಲ್ಲಿ ಇಷ್ಟು ಚರಿತ್ರೆ ಗೊತ್ತಿದ್ದ ಹುಡುಗ ಅವನು. ಬರೀ ಮೈಯಲ್ಲಿ ಆಡಿದವನು ಅಂತ ಅವನನ್ನು ನೋಡುವವರು ಈ ಮಾತನ್ನು ನೆನಪಿಡಬೇಕು.

3

1977ರಲ್ಲಿ ಅವನು 1744 ಗಜ ಓಡಿ, ಕಾಲೇಜು ಫುಟ್‌ಬಾಲಿನ ಅತಿ ದೊಡ್ಡ ಬಹುಮಾನವಾದ ಹೈಸ್ಮನ್ ಟ್ರೋಫಿ ಪಡೆದ. 1978ರಲ್ಲಿ ವೃತ್ತಿ ಆಟಕ್ಕೆ ಬಂದ. ಬಂದ ಅನ್ನುವುದು ಸರಿಯಲ್ಲ, ಅವನನ್ನು ಆರಿಸಿಕೊಂಡರು. ಅಲ್ಲಿ ಆಟಗಾರ ತಂಡವನ್ನು ಆರಿಸುವುದಿಲ್ಲ, ತಂಡ ಆಟಗಾರನನ್ನು ಆರಿಸುತ್ತದೆ. ಆ ವರ್ಷದ ಮೊದಲ ಆಯ್ಕೆಯ ಹಕ್ಕು ಟ್ಯಾಂಪಾ ಬೇ ತಂಡದ್ದಿತ್ತು. ಹ್ಯೂಸ್ಟನ್ ಆಯಿಲರ್ಸ್ ತಂಡ ತನ್ನ ಆಟಗಾರ ಜಿಮ್ಮಿ ಗೈಲ್ಸ್‌ನನ್ನೂ ಆಯ್ಕೆಯ ಕೆಲವು ಹಕ್ಕುಗಳನ್ನೂ ಕೊಟ್ಟು ಆ ಸ್ಥಾನ ಪಡೆದು ಕ್ಯಾಂಬೆಲ್‌ನನ್ನು ತೆಗೆದುಕೊಂಡಿತು. ತನ್ನನ್ನು ಯಾರೂ ಕೊಳ್ಳಲಾರರು ಅಂದವನನ್ನು ಈ ವ್ಯವಸ್ಥೆ ಕೊಳ್ಳಲಿಲ್ಲ, ಅದಲುಬದಲು ಮಾಡಿಕೊಂಡಿತು. ಆಟಗಾರ ತನಗೆ ಬೇಕಾದ ತಂಡಕ್ಕೆ ಹೋಗುವ ಸ್ವಾತಂತ್ರ್ಯ ಈ ಲೀಗಿನಲ್ಲಿ ಸರಿಯಾಗಿ ಬಂದದ್ದು 1993ರಲ್ಲಿ. ಅಷ್ಟುಹೊತ್ತಿಗೆ ಕ್ಯಾಂಬೆಲ್ ಆಟ ಬಿಟ್ಟು ಏಳು ವರ್ಷವಾಗಿತ್ತು.

ದುಡ್ಡು ಬರಲಿಲ್ಲವೆ? ಬಂತು, ಲಕ್ಷಾಂತರ ಡಾಲರು ಬಂತು. ಆ ದುಡ್ಡಿನಲ್ಲಿ ಅವನು ಟೈಲರಿನ ಹಳೆ ಮನೆಯ ಹತ್ತಿರ ತಾಯಿಗೊಂದು ಹೊಸ ಮನೆ ಕಟ್ಟಿಸಿಕೊಟ್ಟ. ಬೇರೆಯವರ ನೆಲ ಒರೆಸಿದವಳಿಗೆ ಸ್ವಂತ ನೆಲ. ಈ ಸಂತೋಷವನ್ನು ಸಿದ್ಧಾಂತದ ಕಣ್ಣಿಂದ ನೋಡಿ ಹಗುರ ಮಾಡುವ ಹಕ್ಕು ನನಗಿಲ್ಲ. ನಮ್ಮ ಕೇರಿಯಿಂದ ಮೊದಲ ಸಲ ಸಂಬಳ ತಂದವನು ಮೊದಲು ಮಾಡುವುದೂ ಇದನ್ನೇ.

ಇನ್ನು ಹೊರೆಯ ಲೆಕ್ಕ. 1978ರಲ್ಲಿ 302 ಸಲ ಚೆಂಡು ಹೊತ್ತು 1450 ಗಜ. 1979ರಲ್ಲಿ 368 ಸಲ, 1697 ಗಜ. 1980ರಲ್ಲಿ 373 ಸಲ, 1934 ಗಜ. 1981ರಲ್ಲಿ 361 ಸಲ, 1376 ಗಜ. ಎಂಟು ವರ್ಷದ ವೃತ್ತಿಯಲ್ಲಿ ಒಟ್ಟು ಹೊತ್ತದ್ದು 2187 ಸಲ. ಅದರಲ್ಲಿ 1404 ಈ ಮೊದಲ ನಾಲ್ಕೇ ವರ್ಷದಲ್ಲಿ. ಅಂದ್ರೆ ಸುಮಾರು ಮೂರನೇ ಎರಡು ಭಾಗ. ಎತ್ತು ಪ್ರಾಯದಲ್ಲಿದ್ದಾಗಲೇ ಉತ್ತು ಮುಗಿಸಿಬಿಡಬೇಕು ಅನ್ನುವ ಅವಸರ ಈ ಅಂಕಿಗಳಲ್ಲಿ ನನಗೆ ಕಾಣುತ್ತದೆ.

1978ರ ನವೆಂಬರ್ 20ರ ಸೋಮವಾರ ರಾತ್ರಿ ಮಯಾಮಿ ತಂಡದ ವಿರುದ್ಧ ಅವನು 199 ಗಜ ಓಡಿದ, ನಾಲ್ಕು ಸಲ ಗೆರೆ ದಾಟಿದ. ಕೊನೆಯದು 81 ಗಜದ ಓಟ. ಇಡೀ ದೇಶ ಟಿವಿಯಲ್ಲಿ ನೋಡಿತು. ಅದೇ ವರ್ಷ ಲಾಸ್ ಏಂಜಲೀಸ್ ರ್‍ಯಾಮ್ಸ್ ವಿರುದ್ಧದ ಒಂದು ಓಟವನ್ನು ಇವತ್ತಿಗೂ ತೋರಿಸುತ್ತಾರೆ. ಎದುರಿಗೆ ಬಂದವನ ಎದೆಗೆ ತಲೆ ಕೊಟ್ಟು ಕೆಡವಿ, ಹಿಂದಿನಿಂದ ಜಗ್ಗಿದವರ ಕೈಯಲ್ಲಿ ಅಂಗಿ ಹರಿದು ಉಳಿದು, ಅವನು ಚಿಂದಿಯಾದ ಅಂಗಿಯಲ್ಲೇ ಓಡುತ್ತಿರುತ್ತಾನೆ. ನೋಡುವವರಿಗೆ ರೋಮಾಂಚನ. ನಾನೂ ಅದನ್ನು ನೋಡಿದ್ದೇನೆ, ನನಗೂ ರೋಮಾಂಚನವೇ ಆಯಿತು. ಈ ರೋಮಾಂಚನದ ಒಳಗೇ ಇಡೀ ವ್ಯಾಪಾರ ಅಡಗಿದೆ. ಅವನ ತೊಡೆಯ ಸುತ್ತಳತೆ 34 ಇಂಚು ಅಂತ ಪತ್ರಿಕೆಗಳು ಬರೆದವು. ಸಂತೆಯಲ್ಲಿ ಹೋರಿಯ ಹಲ್ಲು ನೋಡುವವರ ಭಾಷೆ ಇದು.

ಇಷ್ಟು ಗುದ್ದಿಸಿಕೊಳ್ಳುತ್ತಿದ್ದುದು ಎಂಥ ನೆಲದ ಮೇಲೆ? ಹ್ಯೂಸ್ಟನ್ನಿನ ಆಸ್ಟ್ರೊಡೋಮ್ ಸೂರಿರುವ ಕ್ರೀಡಾಂಗಣ. ಸೂರಿನಡಿ ಹುಲ್ಲು ಬೆಳೆಯಲಿಲ್ಲವೆಂದು 1966ರಲ್ಲಿ ಮೊನ್ಸಾಂಟೊ ಕಂಪನಿಯ ಪ್ಲಾಸ್ಟಿಕ್ ಹುಲ್ಲು ಹಾಸಿದರು. ಅದರ ಹೆಸರೇ ಆಸ್ಟ್ರೊಟರ್ಫ್ ಆಯಿತು. ನೋಡಲು ಹಸಿರು, ಬಿದ್ದರೆ ಗಟ್ಟಿ. ಒಂದು ಗುದ್ದು ಎದುರಾಳಿಯದು, ಇನ್ನೊಂದು ಗುದ್ದು ನೆಲದ್ದು.

1981ರಲ್ಲಿ ಟೆಕ್ಸಾಸ್ ರಾಜ್ಯ ಅವನನ್ನು ಅಧಿಕೃತವಾಗಿ ರಾಜ್ಯವೀರ ಎಂದು ಸಾರಿತು. ಅದಕ್ಕೆ ಮುಂಚೆ ಆ ಬಿರುದಿದ್ದವರು ಮೂವರೇ: ಸ್ಟೀಫನ್ ಆಸ್ಟಿನ್, ಸ್ಯಾಮ್ ಹ್ಯೂಸ್ಟನ್, ಡೇವಿ ಕ್ರಾಕೆಟ್. ಆ ಮೂವರ ಕಾಲದ ಟೆಕ್ಸಾಸಿನಲ್ಲಿ ಕಪ್ಪು ಮನುಷ್ಯ ಅಂದರೆ ಆಸ್ತಿ. ಅವರ ಸಾಲಿಗೆ ಗುಲಾಬಿ ಹೊಲದ ಹುಡುಗ ಬಂದು ಕೂತ. ಇದನ್ನು ಗೆಲುವು ಅನ್ನೋಣವೆ? ಅನ್ನೋಣ. ಆದರೆ ಅರಿಸಿನ ಬಳಿಯುವುದು ಯಾವಾಗ ಅನ್ನೋದನ್ನೂ ಮರೆಯಬಾರದು. ಅವನ ಓಟ ಇಳಿಮುಖವಾದದ್ದು ಅದೇ 1981ರಲ್ಲಿ. 1982ರಲ್ಲಿ ಆಟಗಾರರ ಸಂಘ ಲೀಗಿನ ಆದಾಯದಲ್ಲಿ ಪಾಲು ಬೇಕೆಂದು 57 ದಿನ ಮುಷ್ಕರ ಹೂಡಿತು, ಬೇಡಿದ ಪಾಲು ಸಿಗಲಿಲ್ಲ. 1984ರಲ್ಲಿ ಕ್ಯಾಂಬೆಲ್‌ನನ್ನು ನ್ಯೂ ಆರ್ಲಿಯನ್ಸ್ ತಂಡಕ್ಕೆ ಸಾಗಹಾಕಿದರು. 1986ರಲ್ಲಿ, 31ನೇ ವಯಸ್ಸಿಗೆ, ಅವನು ಆಟ ಬಿಟ್ಟ. ಒಟ್ಟು 115 ಪಂದ್ಯ, 9407 ಗಜ.

4

ಈ ಆಟದಲ್ಲಿ ಒಂದು ವರ್ಣವ್ಯವಸ್ಥೆ ಇದೆ. ಇದನ್ನು ಉಪಮೆಯಾಗಿ ಹೇಳುತ್ತಿಲ್ಲ.

ಪುರುಷಸೂಕ್ತದ ಪುರುಷನ ಮೈಯನ್ನು ಹಂಚಿದ್ದು ನಮಗೆ ಗೊತ್ತು: ಬಾಯಿಯಿಂದ ಒಬ್ಬರು, ಪಾದದಿಂದ ಇನ್ನೊಬ್ಬರು, ಅದರಾಚೆ ನಾವು. ಫುಟ್‌ಬಾಲ್ ತಂಡದ ಮೈಯನ್ನೂ ಹೀಗೇ ಹಂಚಿದ್ದರು. ಕ್ವಾರ್ಟರ್‌ಬ್ಯಾಕ್ ಅಂದರೆ ತಲೆ. ತಂತ್ರ ಓದುವವನು, ಆಜ್ಞೆ ಕೊಡುವವನು, ದಂಡನಾಯಕ. ಆ ಜಾಗ ಬಿಳಿಯರಿಗೆ. ಓಡುವುದು, ಗುದ್ದುವುದು, ಗುದ್ದಿಸಿಕೊಳ್ಳುವುದು ಕಪ್ಪು ಜನರಿಗೆ. 1934ರಿಂದ 1945ರವರೆಗೆ ಲೀಗಿನಲ್ಲಿ ಒಬ್ಬನೇ ಒಬ್ಬ ಕಪ್ಪು ಆಟಗಾರ ಇರಲಿಲ್ಲ. ಬರೆದಿಟ್ಟ ನಿಯಮ ಏನೂ ಇಲ್ಲ, ಒಡೆಯರ ನಡುವಿನ ಒಪ್ಪಂದ. ಬಾಬಾಸಾಹೇಬರು ಡು ಬಾಯ್ಸ್ ಅವರಿಗೆ ಕಾಗದ ಬರೆದ 1946ರಲ್ಲೇ ಲಾಸ್ ಏಂಜಲೀಸಿನಲ್ಲಿ ಕೆನ್ನಿ ವಾಷಿಂಗ್ಟನ್ ಆ ಗೋಡೆ ದಾಟಿದ. ವಾಷಿಂಗ್ಟನ್ ನಗರದ ತಂಡ 1962ರವರೆಗೂ ಕಪ್ಪು ಆಟಗಾರರನ್ನು ಸೇರಿಸಲಿಲ್ಲ. ಬಾಗಿಲು ತೆರೆದ ಮೇಲೂ ಒಳಗಿನ ಕೋಣೆಗಳು ಬೇರೆ ಬೇರೆಯಾಗಿಯೇ ಉಳಿದವು.

ಕ್ಯಾಂಬೆಲ್‌ನನ್ನು ಎಲ್ಲರಿಗಿಂತ ಮೊದಲು ಆರಿಸಿದ ಅದೇ 1978ರಲ್ಲಿ ವಾರೆನ್ ಮೂನ್ ಎಂಬ ಕಪ್ಪು ಕ್ವಾರ್ಟರ್‌ಬ್ಯಾಕ್ ಇದ್ದ. ಆ ಜನವರಿಯಲ್ಲಿ ರೋಸ್ ಬೌಲ್ ಎಂಬ ದೊಡ್ಡ ಪಂದ್ಯ ಗೆಲ್ಲಿಸಿ ಅದರ ಶ್ರೇಷ್ಠ ಆಟಗಾರ ಅನ್ನಿಸಿಕೊಂಡವನು. ಅವನನ್ನು ಲೀಗಿನ ಒಂದು ತಂಡವೂ ಆರಿಸಲಿಲ್ಲ. ಕೆನಡಾಕ್ಕೆ ಹೋದ. ಅಲ್ಲಿ ಎಡ್ಮಂಟನ್ ತಂಡದೊಂದಿಗೆ ಸತತ ಐದು ವರ್ಷ ಆ ದೇಶದ ಕಪ್ ಗೆದ್ದ. ಆಮೇಲೆ ಅಮೆರಿಕ ಕರೆಸಿಕೊಂಡಿತು. ಅವನು ಬಂದದ್ದು ಯಾವ ತಂಡಕ್ಕೆ? ಹ್ಯೂಸ್ಟನ್ ಆಯಿಲರ್ಸ್‌ಗೆ. ಯಾವಾಗ? 1984ರಲ್ಲಿ. ಕ್ಯಾಂಬೆಲ್‌ನ ಕಾಲು ಸವೆದು ಅವನನ್ನು ಸಾಗಹಾಕಿದ ವರ್ಷವೇ ಆ ತಂಡಕ್ಕೆ ಕಪ್ಪು ತಲೆಯೊಂದು ಬೇಕಾಯಿತು. ಇನ್ನೊಂದು ಸಂಗತಿ. ಕ್ಯಾಂಬೆಲ್‌ಗಾಗಿ ಹ್ಯೂಸ್ಟನ್ ಬಿಟ್ಟುಕೊಟ್ಟ ಹದಿನೇಳನೇ ಆಯ್ಕೆಯಲ್ಲಿ ಟ್ಯಾಂಪಾ ತೆಗೆದುಕೊಂಡದ್ದು ಡಗ್ ವಿಲಿಯಮ್ಸ್‌ನನ್ನು. ಅವನೂ ಕಪ್ಪು ಕ್ವಾರ್ಟರ್‌ಬ್ಯಾಕ್. ಹತ್ತು ವರ್ಷದ ನಂತರ, 1988ರ ಜನವರಿಯಲ್ಲಿ, ಲೀಗಿನ ಅಂತಿಮ ಪಂದ್ಯ ಗೆದ್ದ ಮೊದಲ ಕಪ್ಪು ಕ್ವಾರ್ಟರ್‌ಬ್ಯಾಕ್ ಆದ. ಗೆದ್ದದ್ದು ಒಂದು ಕಾಲಕ್ಕೆ ಕಪ್ಪು ಜನರನ್ನು ಹತ್ತಿರ ಸೇರಿಸದ ಅದೇ ವಾಷಿಂಗ್ಟನ್ ತಂಡದ ಪರವಾಗಿ.

ಇದು ನಮಗೆ ದೂರದ ಕಥೆಯಲ್ಲ. ಧಾರವಾಡದಲ್ಲಿ ಹುಟ್ಟಿದ ಪಾಲ್ವಂಕರ್ ಬಾಳೂ ಚಮ್ಮಾರ ಜಾತಿಯವರು. ಪುಣೆಯಲ್ಲಿ ಬಿಳಿಯರ ಕ್ರಿಕೆಟ್ ಮೈದಾನ ಹಸನು ಮಾಡುತ್ತ, ಅವರ ಬ್ಯಾಟಿಂಗ್ ಅಭ್ಯಾಸಕ್ಕೆ ಬೌಲ್ ಮಾಡುತ್ತ ದೊಡ್ಡ ಬೌಲರ್ ಆದರು. 1911ರ ಇಂಗ್ಲೆಂಡ್ ಪ್ರವಾಸದಲ್ಲಿ 114 ವಿಕೆಟ್ ತೆಗೆದರು. ಹಿಂದೂಗಳ ತಂಡಕ್ಕೆ ಅವರ ಎಡಗೈ ಬೇಕಿತ್ತು. ಚಹಾ ಮಾತ್ರ ಪೆವಿಲಿಯನ್ನಿನ ಹೊರಗೆ, ಮಣ್ಣಿನ ಕುಡಿಕೆಯಲ್ಲಿ. ನಾಯಕತ್ವ ಅವರಿಗೆ ಸಿಗಲೇ ಇಲ್ಲ. ತಮ್ಮ ವಿಠ್ಠಲ ನಾಯಕನಾದದ್ದು 1923ರಲ್ಲಿ. ಕೈ ಬೇಕು, ತಲೆ ಬೇಡ. ಜಾತಿ ಅನ್ನೋದು ಕೆಲಸವನ್ನು ಹಂಚುವ ಏರ್ಪಾಡಲ್ಲ, ಕೆಲಸ ಮಾಡುವ ಮನುಷ್ಯರನ್ನೇ ಮೇಲು ಕೀಳೆಂದು ಒಡೆಯುವ ಏರ್ಪಾಡು ಅಂತ ಬಾಬಾಸಾಹೇಬರು 1936ರಲ್ಲಿ ವಾದಿಸಿದ್ದು ಆಟದ ಮೈದಾನಕ್ಕೂ ಸಲ್ಲುತ್ತದೆ.

5

ಆಟ ಬಿಟ್ಟ ಮೇಲಿನ ಮೈಯ ಕಥೆಗೆ ಬರೋಣ. 1989ರಲ್ಲಿ ಕ್ಯಾಂಬೆಲ್‌ಗೆ ಒಮ್ಮೆಗೇ ಎದೆ ಹೊಡೆದುಕೊಂಡು, ಉಸಿರು ಕಟ್ಟಿ, ಸತ್ತೇಹೋಗುತ್ತೇನೆ ಅನ್ನಿಸುವ ಭೀತಿಯ ಕಾಯಿಲೆ ಶುರುವಾಯಿತು. ಎದುರಿಗೆ ಬಂದವರನ್ನೆಲ್ಲ ಗುದ್ದಿ ಕೆಡವಿದವನಿಗೆ ಮನೆಯಿಂದ ಹೊರಗೆ ಬರಲು ಹೆದರಿಕೆ. 1991ರಲ್ಲಿ ಫುಟ್‌ಬಾಲಿನ ಹಾಲ್ ಆಫ್ ಫೇಮ್ ಸೇರಿದ. ಆಮೇಲೆ ಕೀಲುಗಳು ಒಂದೊಂದಾಗಿ ಹಿಡಿದುಕೊಂಡವು. ಮುಷ್ಟಿ ಬಿಗಿಯಲಾಗದ ಕೈ, ಪಾದ ಎತ್ತಿ ಇಡಲಾಗದ ಕಾಲು, ಬೆನ್ನಿಗೂ ಮೊಣಕಾಲಿಗೂ ಹಲವು ಶಸ್ತ್ರಚಿಕಿತ್ಸೆಗಳು. ಊರುಗೋಲು, ಆಮೇಲೆ ವಾಕರ್, ದೂರ ಹೋಗಬೇಕಾದರೆ ಗಾಲಿಕುರ್ಚಿ. ನೋವಿಗೆ ಕೊಟ್ಟ ಮಾತ್ರೆಗಳು ಚಟವಾದವು, ಜೊತೆಗೆ ಕುಡಿತ. 2009ರಲ್ಲಿ ಹೆಂಡತಿ ಮಕ್ಕಳ ಒತ್ತಾಯದ ಮೇಲೆ ಚಿಕಿತ್ಸಾಕೇಂದ್ರ ಸೇರಿ ಅದರಿಂದ ಹೊರಬಂದ. ಇದು ಅವನ ತಪ್ಪಿನ ಕಥೆ ಅಂತ ಓದುವವರಿದ್ದಾರೆ. ನನಗೆ ಇದು ಹೊರೆಯ ಲೆಕ್ಕದ ಉಳಿದ ಪುಟ ಅನ್ನಿಸುತ್ತದೆ. 2187ರ ಮುಂದಿನ ಸಾಲುಗಳನ್ನು ಲೀಗು ಬರೆದಿಡಲಿಲ್ಲ, ಅಷ್ಟೆ.

ಅವನ ಬೆನ್ನುಹುರಿಯ ಕಾಲುವೆ ಕಿರಿದಾಗಿದೆ ಅಂತ ವೈದ್ಯರು ಕಂಡುಕೊಂಡರು. ಇಂಥ ಕಾಯಿಲೆಯಲ್ಲಿ ಹುಟ್ಟಿನ ಪಾಲೆಷ್ಟು, ಪೆಟ್ಟಿನ ಪಾಲೆಷ್ಟು ಅನ್ನೋ ವಾದ ಯಾವಾಗಲೂ ಇರುತ್ತದೆ. ವೈದ್ಯಶಾಸ್ತ್ರದ ತೀರ್ಮಾನ ನನ್ನ ಕೆಲಸವಲ್ಲ. ವಿಮರ್ಶೆಯ ವಿದ್ಯಾರ್ಥಿಯಾಗಿ ನನ್ನ ಕಿವಿ ನಿಮಿರುವುದು ಹುಟ್ಟು ಅನ್ನುವ ಮಾತಿಗೆ. ಹುಟ್ಟಿನ ಮೇಲೆ ಹೊರಿಸಿದರೆ ಯಜಮಾನನ ಮೇಲಿನ ಹೊರೆ ಇಳಿಯುತ್ತದೆ. ನಮ್ಮ ಇಡೀ ಸಮಾಜಶಾಸ್ತ್ರವೇ ಈ ಒಂದು ಉಪಾಯದ ಮೇಲೆ ನಿಂತದ್ದಲ್ಲವೆ?

6

ಈ ಉಪಾಯದ ಅತಿ ನಾಜೂಕಾದ ರೂಪ ಮಿದುಳಿನ ಪೆಟ್ಟಿನ ಮೊಕದ್ದಮೆಯಲ್ಲಿ ಕಾಣುತ್ತದೆ.

ತಲೆಗೆ ಬಿದ್ದ ಪೆಟ್ಟಿನ ವಿಚಾರ ನೋಡಲು ಲೀಗು 1994ರಲ್ಲಿ ಒಂದು ಸಮಿತಿ ಮಾಡಿತು. ಅದರ ಅಧ್ಯಕ್ಷ ಮಿದುಳಿನ ವೈದ್ಯನಲ್ಲ, ಕೀಲುವಾತದ ವೈದ್ಯ. ದೀರ್ಘಕಾಲದ ಅಪಾಯವೇನೂ ಕಾಣುವುದಿಲ್ಲ ಎಂಬ ಧಾಟಿಯ ಲೇಖನಗಳು ಆ ಸಮಿತಿಯಿಂದ ಬಂದವು. 2002ರಲ್ಲಿ ಮೈಕ್ ವೆಬ್‌ಸ್ಟರ್ ತೀರಿಕೊಂಡ, ವಯಸ್ಸು 50. ಪಿಟ್ಸ್‌ಬರ್ಗ್ ತಂಡದಲ್ಲಿ ಕ್ಯಾಂಬೆಲ್‌ನ ಹ್ಯೂಸ್ಟನ್ನಿನ ವಿರುದ್ಧ ಆಡಿದವನು. ಬಿಳಿಯ. ಕೊನೆಗಾಲದಲ್ಲಿ ಮನೆಯಿಲ್ಲದೆ ಗಾಡಿಯಲ್ಲಿ ಮಲಗುತ್ತಿದ್ದ. ನೈಜೀರಿಯದಿಂದ ಬಂದ ವೈದ್ಯ ಬೆನೆಟ್ ಒಮಾಲು ಅವನ ಮಿದುಳನ್ನು ಪರೀಕ್ಷಿಸಿ ಮತ್ತೆ ಮತ್ತೆ ಬಿದ್ದ ಪೆಟ್ಟಿನ ಕಾಯಿಲೆಯನ್ನು ಗುರುತಿಸಿದ, 2005ರಲ್ಲಿ ಪ್ರಕಟಿಸಿದ. ಲೇಖನ ಹಿಂತೆಗೆಯಬೇಕೆಂದು ಲೀಗಿನ ಸಮಿತಿಯವರು ಬರೆದರು. ಗುದ್ದಿಗೆ ಬಣ್ಣವಿಲ್ಲ, ವೆಬ್‌ಸ್ಟರ್‌ನಂಥ ಬಿಳಿಯ ದುಡಿಯುವ ಮನುಷ್ಯನನ್ನೂ ಅದು ತಿಂದಿತು. ಇದನ್ನು ನಾವು ಮುಚ್ಚಿಡಬೇಕಾಗಿಲ್ಲ. ಬಣ್ಣ ಬರುವುದು ಪರಿಹಾರ ಕೊಡುವಾಗ.

ಸಾವಿರಾರು ಮಾಜಿ ಆಟಗಾರರು ದಾವೆ ಹೂಡಿದರು. 2013ರಲ್ಲಿ ಲೀಗು ರಾಜಿಗೆ ಬಂತು, 2015ರಲ್ಲಿ ನ್ಯಾಯಾಲಯ ಒಪ್ಪಿತು. ಸುಮಾರು 20 ಸಾವಿರ ಮಾಜಿ ಆಟಗಾರರು ಅದರ ವ್ಯಾಪ್ತಿಗೆ ಬಂದರು. ಮಿದುಳು ಎಷ್ಟು ಕೆಟ್ಟಿದೆ ಅಂತ ನೆನಪು, ಗಮನ, ಮಾತಿನ ಪರೀಕ್ಷೆ ಮಾಡಿ ಅಳೆಯಬೇಕು. ಈಗಿನ ಅಂಕವನ್ನು, ಪೆಟ್ಟು ಬೀಳದ ಇಂಥ ಮನುಷ್ಯನಿಗೆ ಎಷ್ಟು ಅಂಕ ಇರುತ್ತಿತ್ತು ಎಂಬ ಅಂದಾಜಿನ ಜೊತೆ ಹೋಲಿಸಬೇಕು. ಈ ಅಂದಾಜಿನಲ್ಲಿ ಬಿಳಿಯರಿಗೊಂದು ಮಟ್ಟ, ಕಪ್ಪು ಜನರಿಗೆ ಅದಕ್ಕಿಂತ ಕೆಳಗಿನ ಮಟ್ಟ ಇಟ್ಟು ಅಳೆಯುತ್ತಿದ್ದರು. ಒಂದೇ ಅಂಕ ಬಂದ ಇಬ್ಬರಲ್ಲಿ ಬಿಳಿಯನದು ಕುಸಿತ, ಕಪ್ಪು ಮನುಷ್ಯನದು ಸಹಜ. ಅಂದ್ರೆ ಏನಾಯಿತು? ನಿನ್ನ ಮಿದುಳನ್ನು ನಾವು ಕೆಡಿಸಿಲ್ಲ, ನೀನು ಹುಟ್ಟಿದ್ದೇ ಅಷ್ಟಕ್ಕೆ ಅಂತ ಹೇಳಿದ ಹಾಗಾಯಿತು. ಈ ಅಳತೆಗೋಲನ್ನು ಮೂಲದಲ್ಲಿ ಮಾಡಿದ ತಜ್ಞರ ಉದ್ದೇಶ ಬೇರೆಯೇ ಇತ್ತು. ಓದಿನ ಅವಕಾಶ ಸಿಗದ ಕಪ್ಪು ಜನರಿಗೆ ಇಲ್ಲದ ಕಾಯಿಲೆ ಅಂಟಿಸಬಾರದು ಅಂತ ಅವರು ಅದನ್ನು ಮಾಡಿದ್ದರು. ದಯೆಯಿಂದ ಹುಟ್ಟಿದ ಅಳತೆ ದುಡ್ಡಿನ ಕೈಗೆ ಬಂದಾಗ ಮನುಸ್ಮೃತಿಯಾಯಿತು.

2020ರಲ್ಲಿ ಕೆವಿನ್ ಹೆನ್ರಿ, ನಾಜೆ ಡ್ಯಾವನ್‌ಪೋರ್ಟ್ ಎಂಬ ಇಬ್ಬರು ಕಪ್ಪು ಮಾಜಿ ಆಟಗಾರರು ಇದನ್ನು ಪ್ರಶ್ನಿಸಿ ಕೋರ್ಟಿಗೆ ಹೋದರು. 2021ರಲ್ಲಿ ಲೀಗು ಈ ಪದ್ಧತಿ ಬಿಡಲು ಒಪ್ಪಿತು. 2022ರಲ್ಲಿ ನ್ಯಾಯಾಧೀಶೆ ಅನಿತಾ ಬ್ರಾಡಿ ಬದಲಾವಣೆಗೆ ಮುದ್ರೆ ಒತ್ತಿದರು, ಹಳೆಯ ಪರೀಕ್ಷೆಗಳನ್ನು ಮತ್ತೆ ಅಳೆಯಲು ದಾರಿಯಾಯಿತು. ಆಟಗಾರರಲ್ಲಿ ಅರ್ಧಕ್ಕೂ ಮೀರಿ ಕಪ್ಪು ಜನರಿರುವ ಈ ಲೀಗಿನ 32 ತಂಡಗಳಲ್ಲಿ ಇವತ್ತಿಗೂ ಒಂದಕ್ಕೂ ಕಪ್ಪು ಮನುಷ್ಯ ಮುಖ್ಯ ಒಡೆಯನಲ್ಲ.

ಈಗ ತಲೆಯ ಲೆಕ್ಕ ತೊಡೆಯ ಲೆಕ್ಕದ ಜೊತೆ ಕೂಡಿಕೊಂಡಿತು. ಆಡುವಾಗ ತಲೆಯ ಕೆಲಸ ಕೊಡಲಿಲ್ಲ, ಮೈಯನ್ನು ಇಂಚು ಪಟ್ಟಿ ಹಿಡಿದು ಅಳೆದರು. ಆಟ ಮುಗಿದ ಮೇಲೆ ತಲೆಯನ್ನು ಅಳೆದರು, ಕಡಿಮೆ ಮಾಡಿ ಅಳೆದರು.

7

ನಮ್ಮ ಪರಂಪರೆಯಲ್ಲಿ ತೊಡೆಯ ಕಥೆಯೊಂದಿದೆ. ಸಮಗಾರ ಹರಳಯ್ಯನಿಗೆ ಬಸವಣ್ಣ ಎದುರು ಶರಣು ಮಾಡಿದನಂತೆ. ಆ ಋಣ ತೀರಿಸಲು ಹರಳಯ್ಯ ಮತ್ತು ಹೆಂಡತಿ ಕಲ್ಯಾಣಮ್ಮ ತಮ್ಮ ತೊಡೆಯ ಚರ್ಮ ಸುಲಿದು ಚಮ್ಮಾಳಿಗೆ ಹೊಲಿದರಂತೆ. ಬಸವಣ್ಣ ಅವನ್ನು ಮೆಟ್ಟಲಿಲ್ಲ, ತಲೆಯ ಮೇಲೆ ಇಟ್ಟುಕೊಂಡನಂತೆ. ಈ ಕಥೆಯನ್ನು ಭಕ್ತಿಯ ಪರಾಕಾಷ್ಠೆಯಾಗಿ ಓದುವವರಿದ್ದಾರೆ. ಒಂದು ನಮಸ್ಕಾರಕ್ಕೆ ಚರ್ಮವನ್ನೇ ತೆರುವಷ್ಟು ಸಾಲಗಾರರು ನಾವಾಗಿದ್ದು ಹೇಗೆ ಎಂದು ಕೇಳುವವರೂ ಇದ್ದಾರೆ. ನಾನು ಎರಡನೆಯವರ ಕಡೆ. ಆದರೂ ಈ ಕಥೆಯಲ್ಲಿ ಒಂದು ದೊಡ್ಡತನವಿದೆ: ಕೊಟ್ಟದ್ದನ್ನು ಮೆಟ್ಟಲಾರೆ ಎಂದು ಪಡೆಯುವವನು ಹಿಂಜರಿದ. ಆಸ್ಟ್ರೊಡೋಮಿನಲ್ಲಿ ಹಾಗೆ ಹಿಂಜರಿದವರು ಯಾರೂ ಇರಲಿಲ್ಲ. 373 ಸಲ ಹೊತ್ತವನಿಗೆ ಮರುವರ್ಷ 361 ಸಲ ಹೊರಿಸಿದರು.

ಹಾಗಾದರೆ ಕ್ಯಾಂಬೆಲ್ ಬರೀ ಬಲಿಪಶುವೆ? ಹಾಗಂದರೆ ನಾನೂ ಅವನ ತಲೆಯನ್ನು ಕಸಿದುಕೊಂಡ ಹಾಗೆ. ಅವನಿಗೆ ಓಟ ಇಷ್ಟವಿತ್ತು, ತಾಯಿಗೆ ಮನೆ ಕಟ್ಟಿಸುವ ಹಟವಿತ್ತು, ತಾನು ಮಾರಾಟದ ಸರಕಲ್ಲ ಅನ್ನೋ ಎಚ್ಚರವಿತ್ತು. ಅವನು ಕೊಟ್ಟದ್ದರಲ್ಲಿ ತ್ಯಾಗದ ಪಾಲು ನಿಜವಾಗಿಯೂ ಇದೆ, ಅದು ತಾಯಿಗೆ ಸಲ್ಲುವ ಪಾಲು. ಉಳಿದದ್ದು ಬಲಿ. ಎರಡನ್ನೂ ತ್ಯಾಗ ಎಂಬ ಒಂದೇ ಚೀಲಕ್ಕೆ ತುಂಬಿ ಕೊಂಡಾಡುವುದು ಯಜಮಾನಿಕೆಯ ಭಾಷೆ. ಅದನ್ನು ಬಿಡಿಸಿ ಎರಡು ರಾಶಿ ಮಾಡುವುದು ವಿಮರ್ಶೆಯ ಕೆಲಸ.

ನಾನು ಪಾಠ ಮಾಡುವ ಕಾಲೇಜಿನಲ್ಲಿ ಕಬಡ್ಡಿ ಆಡುವವರಲ್ಲಿ ಹೆಚ್ಚಿನವರು ಹಾಸ್ಟೆಲಿನ ಹುಡುಗರು. ಮಂಡಿಗೆ ಬಟ್ಟೆ ಸುತ್ತಿಕೊಂಡು ಕುಂಟುತ್ತ ತರಗತಿಗೆ ಬರುತ್ತಾರೆ. ಕಪ್ ಗೆದ್ದ ದಿನ ಅವರ ಫೋಟೊ ನೋಟೀಸ್ ಬೋರ್ಡಿನಲ್ಲಿರುತ್ತದೆ. ಪರೀಕ್ಷೆಯಲ್ಲಿ ಫೇಲಾದ ದಿನ, ಇವರ ಬುದ್ಧಿಯೇ ಇಷ್ಟು, ಆಟಕ್ಕಷ್ಟೇ ಲಾಯಕ್ಕು ಅನ್ನುವ ಮಾತು ಸ್ಟಾಫ್ ರೂಮಿನಲ್ಲಿ ಕೇಳುತ್ತದೆ. ಆಡುವವರು ಅಂತ ಅಟೆಂಡೆನ್ಸ್ ಕೊಟ್ಟು ಪಾಠ ತಪ್ಪಿಸಿದವರು ಯಾರು ಅಂತ ಆಗ ಯಾರೂ ಕೇಳುವುದಿಲ್ಲ. ಪೆಟ್ಟು ಕೊಟ್ಟು ಹುಟ್ಟಿನ ಮೇಲೆ ಹಾಕುವ ವಿದ್ಯೆ ಫಿಲಡೆಲ್ಫಿಯದ ಕೋರ್ಟಿನಲ್ಲೂ ಒಂದೇ, ನಮ್ಮ ಸ್ಟಾಫ್ ರೂಮಿನಲ್ಲೂ ಒಂದೇ.

2020ರಲ್ಲಿ, ಪೊಲೀಸರ ಮೊಣಕಾಲಿನಡಿ ಜಾರ್ಜ್ ಫ್ಲಾಯ್ಡ್ ಸತ್ತ ಬೇಸಿಗೆಯಲ್ಲಿ, ಟೆಕ್ಸಾಸ್ ವಿಶ್ವವಿದ್ಯಾಲಯದ ಆಟಗಾರರು ತಮ್ಮ ಬೇಡಿಕೆಗಳನ್ನು ಮುಂದಿಟ್ಟರು. ವಿಶ್ವವಿದ್ಯಾಲಯ ತನ್ನ ಫುಟ್‌ಬಾಲ್ ಮೈದಾನಕ್ಕೆ ಇಬ್ಬರು ಕಪ್ಪು ಆಟಗಾರರ ಹೆಸರಿಟ್ಟಿತು, ಕ್ಯಾಂಬೆಲ್–ವಿಲಿಯಮ್ಸ್ ಮೈದಾನ. 1969ರವರೆಗೆ ಕಪ್ಪು ಕಾಲು ತಮ್ಮ ತಂಡದಿಂದ ತುಳಿಯದ ನೆಲಕ್ಕೆ ಈಗ ಕಪ್ಪು ಮನುಷ್ಯನ ಹೆಸರು. ಇದನ್ನು ಕೊಡಿಸಿದ್ದು ಅವನ 34 ಇಂಚಿನ ತೊಡೆಯಲ್ಲ. ಆಡುತ್ತಿದ್ದ ಹುಡುಗರು ಒಟ್ಟಾಗಿ ಯೋಚಿಸಿ, ಕಾಗದ ಬರೆದು, ಆಡುವುದಕ್ಕೂ ಮೊದಲು ನಮ್ಮ ಮಾತು ಕೇಳಿ ಅಂದದ್ದು. ತಲೆ ಇಲ್ಲದವರು ಅಂತ ಯಾರನ್ನು ಕರೆದಿದ್ದರೋ ಅವರ ತಲೆಯ ಕೆಲಸ ಅದು.